ಗಲ್ಲಾಪೆಟ್ಟಿಗೆಯ ಎರಡು ಬದಿ: ಸೇವಾ ನ್ಯೂನತೆಯ ಕಾನೂನು ಮತ್ತು ವರ್ತಕ

ತಾಲ್ಲೂಕು ಕೇಂದ್ರವೊಂದರಲ್ಲಿ ಮಿಕ್ಸರ್, ಗ್ರೈಂಡರ್, ಪಂಪ್‌ಸೆಟ್‌ಗಳ ಮಳಿಗೆಯನ್ನೂ, ಅದರ ಹಿಂಬದಿಯ ಶೆಡ್ಡಿನಲ್ಲಿ ಬಿಡಿಭಾಗ ತಯಾರಿಸುವ ಒಂದು ಲೇತ್ ಯಂತ್ರವನ್ನೂ ಇಟ್ಟುಕೊಂಡಿರುವ ವರ್ತಕರೊಬ್ಬರನ್ನು ಕಲ್ಪಿಸಿಕೊಳ್ಳಬಹುದು. ಒಂದೇ ತಿಂಗಳಿನಲ್ಲಿ ಅವರಿಗೆ ಒದಗಿದ ತಾಪತ್ರಯಗಳು ಇಂತಿವೆ. ಗ್ರಾಹಕರೊಬ್ಬರು ಮೊಬೈಲ್ ಮೂಲಕ ಪಾವತಿಸಿದ 4,200 ರೂಪಾಯಿ ಅವರ ಖಾತೆಯಿಂದ ಕಡಿತವಾಗಿದೆ, ಮಳಿಗೆಯ ಖಾತೆಗೆ ಜಮೆಯಾಗಿಲ್ಲ. ಬ್ಯಾಂಕಿನಲ್ಲಿ ವಿಚಾರಿಸಿದರೆ ‘ಎರಡು ದಿನ ಬಿಟ್ಟು ಬನ್ನಿ’ ಎಂಬ ಉತ್ತರ. ಕಳೆದ ವರ್ಷ ಖರೀದಿಸಿದ ಲೇತ್ ಮೂರನೆಯ ಬಾರಿ ಕೆಟ್ಟು ನಿಂತಿದೆ. ಸರಬರಾಜು ಮಾಡಿದ ಕಂಪನಿಯ ದೂರವಾಣಿ ‘ಒಂದನ್ನು ಒತ್ತಿ, ಎರಡನ್ನು ಒತ್ತಿ’ ಎನ್ನುತ್ತಲೇ ಇದೆ, ಮೆಕ್ಯಾನಿಕ್ ಮಾತ್ರ ಬಂದಿಲ್ಲ. ಮಳೆಗೆ ಗೋದಾಮಿನಲ್ಲಿ ನೆನೆದ ದಾಸ್ತಾನಿಗೆ ವಿಮಾ ಕಂಪನಿ ಒಪ್ಪಿದ ಮೊತ್ತ ನಷ್ಟದ ಕಾಲುಭಾಗಕ್ಕೂ ಸಾಲದು. ಇಷ್ಟರ ನಡುವೆ, ಎಂಟು ತಿಂಗಳ ಹಿಂದೆ ಮಿಕ್ಸರ್ ಕೊಂಡ ಗೃಹಿಣಿಯೊಬ್ಬರು ನಾಲ್ಕು ಬಾರಿ ಅಂಗಡಿಯ ಮೆಟ್ಟಿಲು ಹತ್ತಿ ಇಳಿದಿದ್ದಾರೆ. ಅವರಿಗೂ ದೊರೆತ ಉತ್ತರ ‘ಎರಡು ದಿನ ಬಿಟ್ಟು ಬನ್ನಿ’ ಎಂಬುದೇ. ತಿಂಗಳ ಕೊನೆಗೆ ಸ್ಪೀಡ್ ಪೋಸ್ಟಿನಲ್ಲಿ ಲಕೋಟೆಯೊಂದು ಬರುತ್ತದೆ. ಸಹಿ ಮಾಡಿ ಪಡೆದ ವರ್ತಕರು, ಬಿಡುವಾದಾಗ ನೋಡಿದರಾಯಿತೆಂದು ಅದನ್ನು ಗಲ್ಲಾಪೆಟ್ಟಿಗೆಯ ಕೆಳಗಿನ ಖಾನೆಗೆ ಸೇರಿಸುತ್ತಾರೆ.

ಮೇಲಿನ ನಾಲ್ಕು ಪ್ರಸಂಗಗಳಲ್ಲಿಯೂ ಹಣ ತೆತ್ತವರಿಗೆ ತಕ್ಕ ಸೇವೆ ದೊರೆತಿಲ್ಲ. ಆದರೆ ಕಾನೂನು ಈ ನಾಲ್ಕನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಗೃಹಿಣಿಗೆ ಸದಾ ತೆರೆದಿರುವ ಗ್ರಾಹಕ ಆಯೋಗದ ಬಾಗಿಲು ವರ್ತಕರಿಗೆ ಕೆಲವೊಮ್ಮೆ ತೆರೆಯುತ್ತದೆ, ಕೆಲವೊಮ್ಮೆ ಮುಚ್ಚಿರುತ್ತದೆ. ಯಾವಾಗ ತೆರೆದಿರುತ್ತದೆ ಎಂಬುದನ್ನು ತಿಳಿಯದೆ ವರ್ಷಗಟ್ಟಲೆ ತಪ್ಪು ಬಾಗಿಲನ್ನು ತಟ್ಟಿದವರೂ ಇದ್ದಾರೆ. ಬಾಗಿಲೇ ಇಲ್ಲವೆಂದು ತಿಳಿದು ನಷ್ಟವನ್ನು ನುಂಗಿಕೊಂಡವರೂ ಇದ್ದಾರೆ. ಈ ಎರಡನೆಯ ವರ್ಗವೇ ದೊಡ್ಡದೆಂದು ತೋರುತ್ತದೆ.

‘ಗ್ರಾಹಕ’ ಯಾರು?

1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಸ್ಥಾನದಲ್ಲಿ ಇಂದು ಜಾರಿಯಲ್ಲಿರುವುದು 2019ರ ಕಾಯ್ದೆ. ಅದರ ಬಹುಪಾಲು ವಿಧಿಗಳು 2020ರ ಜುಲೈ 20ರಿಂದ ಅನ್ವಯವಾದವು. ಹೊಸ ಕಾಯ್ದೆಯ 2(7)ನೇ ಪ್ರಕರಣದಂತೆ ಮರುಮಾರಾಟಕ್ಕಾಗಿ ಅಥವಾ ವಾಣಿಜ್ಯ ಉದ್ದೇಶಕ್ಕಾಗಿ ಸರಕನ್ನು ಕೊಂಡವರು ‘ಗ್ರಾಹಕ’ರಲ್ಲ, ವಾಣಿಜ್ಯ ಉದ್ದೇಶಕ್ಕಾಗಿ ಸೇವೆಯನ್ನು ಪಡೆದವರೂ ಅಲ್ಲ. ಸರಕಿಗೆ ಸಂಬಂಧಿಸಿದ ನಿರ್ಬಂಧ ಮೂಲ ಕಾಯ್ದೆಯಲ್ಲಿಯೇ ಇತ್ತು. ಸೇವೆಗೆ ಸಂಬಂಧಿಸಿದ ನಿರ್ಬಂಧ 2002ರ ತಿದ್ದುಪಡಿಯ ಮೂಲಕ, 2003ರ ಮಾರ್ಚ್ 15ರಿಂದ ಬಂದದ್ದು. ಸ್ವಯಂ ಉದ್ಯೋಗದಿಂದ ಜೀವನೋಪಾಯ ನಡೆಸುವ ಸಲುವಾಗಿಯೇ ಕೊಂಡು, ತಾವೇ ಬಳಸುವ ಸರಕು ‘ವಾಣಿಜ್ಯ ಉದ್ದೇಶ’ದ್ದಲ್ಲ ಎಂಬ ವಿವರಣೆಯನ್ನು 1993ರಲ್ಲಿ ಸೇರಿಸಲಾಯಿತು. ಸಣ್ಣ ಉದ್ದಿಮೆದಾರರ ಪಾಲಿಗೆ ಇಡೀ ಕಾಯ್ದೆಯಲ್ಲಿ ಅತ್ಯಂತ ಬೆಲೆಬಾಳುವ ಸಾಲು ಇದೇ.

ಆ ಸಾಲಿನ ಅರ್ಥವನ್ನು ಸರ್ವೋಚ್ಚ ನ್ಯಾಯಾಲಯ ಬಿಡಿಸಿ ಹೇಳಿದ್ದು 1995ರ ಏಪ್ರಿಲ್‌ನಲ್ಲಿ, ಲಕ್ಷ್ಮೀ ಎಂಜಿನಿಯರಿಂಗ್ ವರ್ಕ್ಸ್ ವಿರುದ್ಧ ಪಿ.ಎಸ್.ಜಿ. ಇಂಡಸ್ಟ್ರಿಯಲ್ ಇನ್‌ಸ್ಟಿಟ್ಯೂಟ್ ಪ್ರಕರಣದಲ್ಲಿ. ಏಕಮಾಲೀಕತ್ವದ ಘಟಕವೊಂದು ಯಂತ್ರವನ್ನು ತರಿಸಿಕೊಂಡಿತ್ತು. ಸರಬರಾಜು ತಡವಾಯಿತು, ಬಂದ ಯಂತ್ರವೂ ದೋಷಯುಕ್ತವಾಗಿತ್ತು ಎಂಬುದು ದೂರು. ರಾಜ್ಯ ಆಯೋಗ ಪರಿಹಾರ ನೀಡಿತು. ಖರೀದಿ ವಾಣಿಜ್ಯ ಉದ್ದೇಶದ್ದೆಂದು ರಾಷ್ಟ್ರೀಯ ಆಯೋಗ ಅದನ್ನು ರದ್ದುಗೊಳಿಸಿತು. ಸರ್ವೋಚ್ಚ ನ್ಯಾಯಾಲಯ ರಾಷ್ಟ್ರೀಯ ಆಯೋಗದ ನಿಲುವನ್ನೇ ಎತ್ತಿಹಿಡಿಯಿತಾದರೂ ತೀರ್ಪಿನಲ್ಲಿ ಕೊಟ್ಟ ಉದಾಹರಣೆಗಳು ಇಂದಿಗೂ ಅಳತೆಗೋಲಾಗಿವೆ. ಆಟೋರಿಕ್ಷಾ ಕೊಂಡು ತಾನೇ ಓಡಿಸುವವನು ಗ್ರಾಹಕ. ಕೊಂಡು ಸಂಪೂರ್ಣವಾಗಿ ಬೇರೊಬ್ಬನಿಂದ ಓಡಿಸುವವನು ಗ್ರಾಹಕನಲ್ಲ. ಲೇತ್ ಯಂತ್ರಕ್ಕೂ ಇದೇ ನ್ಯಾಯ. ತಾನೇ ಯಂತ್ರದ ಮುಂದೆ ನಿಂತು ದುಡಿಯುವವನು ಒಬ್ಬಿಬ್ಬರ ಸಹಾಯ ಪಡೆದ ಮಾತ್ರಕ್ಕೆ ಗ್ರಾಹಕನ ಸ್ಥಾನ ಕಳೆದುಕೊಳ್ಳುವುದಿಲ್ಲ. ಯಂತ್ರದ ಬೆಲೆಯಾಗಲಿ, ಅದರಿಂದ ಲಾಭ ಬರುತ್ತದೆಯೆಂಬ ಅಂಶವಾಗಲಿ ತಾನಾಗಿ ನಿರ್ಣಾಯಕವಲ್ಲ. ಪ್ರತಿ ಪ್ರಕರಣವನ್ನೂ ಅದರ ಸಂಗತಿಗಳ ಮೇಲೆಯೇ ನೋಡಬೇಕು.

ಮೊದಲು ಹೇಳಿದ ವರ್ತಕರ ಲೇತ್ ಈ ಗೆರೆಯ ಯಾವ ಬದಿಗೆ ಬೀಳುತ್ತದೆ? ಮಳಿಗೆಯಲ್ಲಿ ಕುಳಿತಿರುವ ಅವರು ಯಂತ್ರವನ್ನು ಮುಟ್ಟುವುದೇ ಇಲ್ಲ, ಸಂಬಳದ ಕೆಲಸಗಾರನೇ ಅದನ್ನು ನಡೆಸುತ್ತಾನೆ ಎಂದಾದರೆ ಗ್ರಾಹಕ ಆಯೋಗದಲ್ಲಿ ದೂರು ನಿಲ್ಲುವುದು ಕಷ್ಟ. ಮಾಲೀಕರೋ, ಕುಟುಂಬದವರೋ ಸ್ವತಃ ದುಡಿಯುವ ಘಟಕವಾದರೆ ದಾರಿಯಿದೆ. ಆದರೆ ದೂರಿನಲ್ಲಿ ಆ ಸಂಗತಿಯನ್ನು ಸ್ಪಷ್ಟವಾಗಿ ಬರೆದಿರಬೇಕು. ಹಾಜರಿ ಪುಸ್ತಕ, ವಿದ್ಯುತ್ ಬಿಲ್ಲು, ವೇತನದ ಖಾತೆಗಳು ಅದಕ್ಕೆ ಹೊಂದಬೇಕು. ಬ್ಯಾಂಕಿನ ಸಾಲದ ಅರ್ಜಿಯಲ್ಲಿ ‘ಹತ್ತು ಮಂದಿ ಕಾರ್ಮಿಕರು’ ಎಂದು ಬರೆದು, ಆಯೋಗದ ಮುಂದೆ ‘ನಾನೊಬ್ಬನೇ ದುಡಿಯುವವನು’ ಎಂದರೆ ಎದುರು ಪಕ್ಷದ ವಕೀಲರಿಗೆ ಅದಕ್ಕಿಂತ ಸುಲಭದ ಕೆಲಸವಿಲ್ಲ.

ಇಲ್ಲಿ ವರ್ತಕರಿಗೆ ಅನುಕೂಲವಾದ ಬೆಳವಣಿಗೆಯೊಂದನ್ನು ಗಮನಿಸಬೇಕು. 2024ರ ಮೇ 10ರಂದು ಶ್ರೀರಾಮ್ ಚಿಟ್ಸ್ ವಿರುದ್ಧ ರಾಘಚಂದ್ ಅಸೋಸಿಯೇಟ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ಸೇವೆಯನ್ನು ವಾಣಿಜ್ಯ ಉದ್ದೇಶಕ್ಕೆ ಪಡೆಯಲಾಗಿತ್ತು ಎಂದು ರುಜುವಾತುಪಡಿಸುವ ಹೊಣೆ ಸೇವೆ ನೀಡಿದವರದೇ ಹೊರತು ದೂರುದಾರರದಲ್ಲವೆಂದು ಹೇಳಿತು. ಎದುರುದಾರರು ಬರಿಯ ಆಕ್ಷೇಪಣೆ ಎತ್ತಿದರೆ ಸಾಲದು, ಸಾಕ್ಷ್ಯ ಒದಗಿಸಬೇಕು.

ವ್ಯಾಪಾರ ಸಂಸ್ಥೆ ಮಾಡಿದ ಪ್ರತಿಯೊಂದು ಖರೀದಿಯೂ ವಾಣಿಜ್ಯ ಉದ್ದೇಶದ್ದಾಗಿ ಬಿಡುವುದಿಲ್ಲ. ಮುಂಬಯಿಯ ಆಸ್ಪತ್ರೆಯೊಂದನ್ನು ನಡೆಸುವ ಲೀಲಾವತಿ ಕೀರ್ತಿಲಾಲ್ ಮೆಹ್ತಾ ವೈದ್ಯಕೀಯ ಟ್ರಸ್ಟ್ ತನ್ನ ದಾದಿಯರ ವಸತಿಗೆಂದು ಫ್ಲ್ಯಾಟುಗಳನ್ನು ಕೊಂಡಿತ್ತು. ಕಟ್ಟಡದ ಕಳಪೆ ಕಾಮಗಾರಿಯಿಂದ ದಾದಿಯರು ಅಲ್ಲಿ ವಾಸಿಸಲಾಗದೆ ತೆರವು ಮಾಡಬೇಕಾಯಿತು. ಆಸ್ಪತ್ರೆಯು ವಾಣಿಜ್ಯ ಸಂಸ್ಥೆ, ಆದುದರಿಂದ ಅದು ಗ್ರಾಹಕನಲ್ಲ ಎಂದು ಕಟ್ಟಡ ನಿರ್ಮಾಪಕರು ವಾದಿಸಿದರು. 2019ರ ನವೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಈ ವಾದವನ್ನು ಒಪ್ಪಲಿಲ್ಲ. ಸಿಬ್ಬಂದಿಗೆ ವಸತಿ ಒದಗಿಸುವುದಕ್ಕೂ ಲಾಭ ಗಳಿಸುವ ಚಟುವಟಿಕೆಗೂ ನೇರವಾದ ನಿಕಟ ಸಂಬಂಧವಿರಬೇಕು. ವ್ಯವಹಾರದ ಪ್ರಧಾನ ಉದ್ದೇಶವೇನು ಎಂಬುದೇ ಪ್ರಶ್ನೆ ಎಂದಿತು. ಕಾರ್ಖಾನೆಯ ಕೆಲಸಗಾರರಿಗಾಗಿ ಮನೆಗಳನ್ನು ಕೊಂಡು, ಸೋರುವ ಸೂರು, ನೀರಿಲ್ಲದ ನಲ್ಲಿ, ಕೆಟ್ಟ ಲಿಫ್ಟಿನ ದೂರುಗಳನ್ನು ಪ್ರತಿ ವಾರ ಕೇಳುತ್ತಿರುವ ಉದ್ದಿಮೆದಾರರಿಗೆ ಈ ತೀರ್ಪು ನೇರವಾಗಿ ಉಪಯುಕ್ತ. ನಿರ್ದೇಶಕರ ಬಳಕೆಗೆ ಕಂಪನಿಯ ಹೆಸರಿನಲ್ಲಿ ಕೊಂಡ ಮೋಟಾರು ಕಾರಿನ ದೋಷದ ಬಗ್ಗೆ 2024ರ ಜುಲೈನಲ್ಲಿ ಬಂದ ಡೈಮ್ಲರ್ ಕ್ರೈಸ್ಲರ್ ಪ್ರಕರಣದ ತೀರ್ಪೂ ಇದೇ ಜಾಡಿನದು.

ವಿಮೆಯ ವಿಷಯದಲ್ಲಂತೂ ಪ್ರಶ್ನೆ ಇತ್ಯರ್ಥವಾದಂತೆಯೇ. 2002ರ ಫೆಬ್ರುವರಿಯಲ್ಲಿ ಗೋಧ್ರಾದ ವಾಹನ ಮಾರಾಟ ಸಂಸ್ಥೆ ಹರ್ಸೋಲಿಯಾ ಮೋಟಾರ್ಸ್‌ನ ಆಸ್ತಿಗೆ ಗಲಭೆಯಲ್ಲಿ ಬೆಂಕಿ ಬಿದ್ದು ಹಾನಿಯಾಯಿತು. ಸಂಸ್ಥೆ ಅಗ್ನಿ ವಿಮೆ ಪಡೆದಿತ್ತು. ವ್ಯಾಪಾರ ಸಂಸ್ಥೆ ಪಡೆದ ವಿಮೆಯು ವಾಣಿಜ್ಯ ಉದ್ದೇಶದ್ದೆಂದು ವಿಮಾ ಕಂಪನಿ ವಾದಿಸಿತು. ವಿಮೆಯಿಂದ ಯಾರೂ ಲಾಭ ಮಾಡಿಕೊಳ್ಳುವುದಿಲ್ಲ, ಆದ ನಷ್ಟವನ್ನಷ್ಟೇ ತುಂಬಿಕೊಳ್ಳುತ್ತಾರೆ; ಆದುದರಿಂದ ವಿಮಾದಾರನು ಗ್ರಾಹಕನೇ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 2023ರ ಏಪ್ರಿಲ್ 13ರಂದು. ಬೆಂಕಿ ಬಿದ್ದ 21 ವರ್ಷಗಳ ಬಳಿಕ, ಅದೂ ದೂರು ನಡೆಯಬಹುದೇ ಇಲ್ಲವೇ ಎಂಬ ಆರಂಭದ ಪ್ರಶ್ನೆಗೆ! ಆ 21 ವರ್ಷಗಳನ್ನು ಒಂದು ಸಂಸ್ಥೆ ಕಳೆದುದರಿಂದ ಇತರ ವರ್ತಕರಿಗೆ ಆ ಭಾಗದ ಹಾದಿ ಸುಗಮವಾಗಿದೆ.

ಬ್ಯಾಂಕ್ ಸಾಲದ ವಿಷಯದಲ್ಲಿ ಗಾಳಿ ಎದುರು ದಿಕ್ಕಿಗೆ ಬೀಸಿದೆ. 2022ರ ಫೆಬ್ರುವರಿಯ ಶ್ರೀಕಾಂತ್ ಜಿ. ಮಂತ್ರಿ ಪ್ರಕರಣದಲ್ಲಿ, ವ್ಯವಹಾರ ವಿಸ್ತರಣೆಗೆ ಷೇರು ದಲ್ಲಾಳಿಯೊಬ್ಬರು ಪಡೆದ ಓವರ್‌ಡ್ರಾಫ್ಟ್ ಸೌಲಭ್ಯ ವಾಣಿಜ್ಯ ಉದ್ದೇಶದ್ದೆಂದು ನ್ಯಾಯಾಲಯ ಹೇಳಿತು. 2025ರ ಫೆಬ್ರುವರಿ 28ರ ಆಡ್ ಬ್ಯೂರೋ ಅಡ್ವರ್ಟೈಸಿಂಗ್ ಪ್ರಕರಣದಲ್ಲಿ, ಯೋಜನಾ ಸಾಲ ಪಡೆದ ಕಂಪನಿಯನ್ನು ಬ್ಯಾಂಕ್ ಸುಸ್ತಿದಾರನೆಂದು ಸಾಲ ಮಾಹಿತಿ ಸಂಸ್ಥೆಗೆ ತಪ್ಪಾಗಿ ವರದಿ ಮಾಡಿತೆಂಬ ದೂರು ಕೂಡ ಗ್ರಾಹಕ ಆಯೋಗದಲ್ಲಿ ನಿಲ್ಲಲಿಲ್ಲ. ವಿದ್ಯುತ್ತಿನದೂ ಇದೇ ಕಥೆ: ವಾಣಿಜ್ಯ ಉದ್ದೇಶಕ್ಕೆ ಸೇವೆ ಪಡೆದವರು ಗ್ರಾಹಕರ ವ್ಯಾಖ್ಯೆಯೊಳಗೆ ಬರುವುದಿಲ್ಲವೆಂದು 2013ರ ಅನೀಸ್ ಅಹ್ಮದ್ ತೀರ್ಪು ಹೇಳಿದೆ.

ಬಾಗಿಲು ತೆರೆದಿರುವ ಪ್ರಕರಣಗಳಲ್ಲಿ ವೆಚ್ಚ ಅಲ್ಪ. ಸರಕು ಅಥವಾ ಸೇವೆಗೆ ಪಾವತಿಸಿದ ಮೊತ್ತ 50 ಲಕ್ಷ ರೂಪಾಯಿವರೆಗಿದ್ದರೆ ಜಿಲ್ಲಾ ಆಯೋಗ, ಅಲ್ಲಿಂದ 2 ಕೋಟಿವರೆಗೆ ರಾಜ್ಯ ಆಯೋಗ, ಅದಕ್ಕೂ ಮೇಲ್ಪಟ್ಟು ರಾಷ್ಟ್ರೀಯ ಆಯೋಗ. ಲೆಕ್ಕಕ್ಕೆ ಬರುವುದು ಪಾವತಿಸಿದ ಬೆಲೆಯೇ ಹೊರತು ಕೇಳುವ ಪರಿಹಾರವಲ್ಲ. ಆರು ಲಕ್ಷದ ಯಂತ್ರಕ್ಕೆ ಅರವತ್ತು ಲಕ್ಷದ ಪರಿಹಾರ ಕೇಳಿದರೂ ದೂರು ಜಿಲ್ಲಾ ಆಯೋಗಕ್ಕೇ ಹೋಗಬೇಕು. ಈ ಪದ್ಧತಿಯ ಸಿಂಧುತ್ವವನ್ನು 2025ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದಿದೆ. ಪಾವತಿಸಿದ ಬೆಲೆ 5 ಲಕ್ಷ ಮೀರದಿದ್ದರೆ ಶುಲ್ಕವಿಲ್ಲ. ಕಾರಣ ಉದ್ಭವಿಸಿದ ದಿನದಿಂದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. ‘ಎರಡು ದಿನ ಬಿಟ್ಟು ಬನ್ನಿ’ ಎಂಬ ಮಾತನ್ನು ನಂಬಿ ಕಾಯುವವರ ಎರಡು ವರ್ಷ ಬಹಳ ಬೇಗ ಕಳೆದುಹೋಗುತ್ತದೆ.

ಉಳಿದ ಬಾಗಿಲುಗಳು

ಗ್ರಾಹಕನಲ್ಲ ಎನಿಸಿಕೊಂಡ ಮಾತ್ರಕ್ಕೆ ವರ್ತಕರು ಅನಾಥರಲ್ಲ. ಕೆಟ್ಟ ಯಂತ್ರಕ್ಕೆ ಕರಾರು ಉಲ್ಲಂಘನೆಯ ಸಿವಿಲ್ ದಾವೆ ಇದ್ದೇ ಇದೆ. ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳ ಬಾಕಿ ವಸೂಲಿಗೆ ಇರುವ ಮಂಡಳಿಗೆ ಇಂತಹ ದೂರನ್ನು ಒಯ್ಯುವವರುಂಟು. ಆ ಮಂಡಳಿ ಸರಕು ಮಾರಿ ಹಣ ಬಾರದವರಿಗೆ ಇರುವುದೇ ಹೊರತು, ಕೊಂಡು ಮೋಸಹೋದವರಿಗಲ್ಲ.

ಬ್ಯಾಂಕಿನ ಸೇವಾ ನ್ಯೂನತೆಗೆ ಹೆಚ್ಚು ಹತ್ತಿರದ ದಾರಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್. ಬ್ಯಾಂಕುಗಳು, ಬ್ಯಾಂಕೇತರ ಹಣಕಾಸು ಸಂಸ್ಥೆಗಳು ಮತ್ತು ಡಿಜಿಟಲ್ ಪಾವತಿಗಳಿಗೆ ಪ್ರತ್ಯೇಕವಾಗಿದ್ದ ಮೂರು ಯೋಜನೆಗಳನ್ನು 2021ರ ನವೆಂಬರ್ 12ರಂದು ಒಂದುಗೂಡಿಸಲಾಯಿತು. ಇಲ್ಲಿ ಶುಲ್ಕವಿಲ್ಲ. ‘ವಾಣಿಜ್ಯ ಉದ್ದೇಶ’ದ ಪ್ರಶ್ನೆಯೂ ಏಳುವುದಿಲ್ಲ; ಚಾಲ್ತಿ ಖಾತೆಯ ವರ್ತಕರೂ ದೂರಬಹುದು. ಸಾಲ ಕೊಡುವುದು ಬಿಡುವುದು ಮುಂತಾದ ಬ್ಯಾಂಕಿನ ವ್ಯವಹಾರಿಕ ನಿರ್ಧಾರಗಳನ್ನು ಮಾತ್ರ ಅಲ್ಲಿ ಪ್ರಶ್ನಿಸುವಂತಿಲ್ಲ. ಮೊದಲು ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನ ಕಾದಿರಬೇಕು. ಶಾಖೆಯ ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಜಗಳವಾಡಿದ್ದಕ್ಕೆ ತಾರೀಖು ಇರುವುದಿಲ್ಲ. ಆ ಜಗಳ ಎಷ್ಟೇ ಜೋರಾಗಿದ್ದರೂ 30 ದಿನಗಳ ಲೆಕ್ಕ ಅದರಿಂದ ಆರಂಭವಾಗುವುದಿಲ್ಲ.

4,200 ರೂಪಾಯಿಯ ಪ್ರಸಂಗಕ್ಕೆ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿಯೇ ಉತ್ತರ ಕೊಟ್ಟಿತು. ಯು.ಪಿ.ಐ. ಮೂಲಕ ವರ್ತಕರಿಗೆ ಮಾಡಿದ ಪಾವತಿಯು ಗ್ರಾಹಕರ ಖಾತೆಯಿಂದ ಕಡಿತವಾಗಿ, ಮಳಿಗೆಗೆ ದೃಢೀಕರಣ ಬಾರದಿದ್ದರೆ ವ್ಯವಹಾರದ ದಿನದ ನಂತರ 5 ದಿನಗಳೊಳಗೆ ಹಣ ತಾನಾಗಿ ಗ್ರಾಹಕರ ಖಾತೆಗೆ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಗ್ರಾಹಕರು ಕೇಳದೆಯೇ ಪರಿಹಾರ ಕೊಡಬೇಕು ಎಂಬುದು ಅದರ ಸಾರ. ವರ್ತಕರು ಇಲ್ಲಿ ಎಡವುವ ಜಾಗವೊಂದಿದೆ. ಹಣ ಮರಳುವುದು ಗ್ರಾಹಕರಿಗೆ, ಮಳಿಗೆಗಲ್ಲ. ‘ನನ್ನ ಖಾತೆಯಿಂದ ಹೋಗಿದೆ ನೋಡಿ’ ಎಂದು ಮೊಬೈಲ್ ತೋರಿಸಿ ಗ್ರಾಹಕರು ಸರಕು ಒಯ್ದಿದ್ದರೆ, ಐದು ದಿನಗಳ ಬಳಿಕ ಹಣವೂ ಅವರದೇ, ಸರಕೂ ಅವರದೇ. ಅಂತಹ ದಿನ ಗ್ರಾಹಕರ ಹೆಸರು, ವ್ಯವಹಾರದ ಸಂಖ್ಯೆಗಳನ್ನು ಬಿಲ್ಲಿನ ಹಿಂಬದಿಯಲ್ಲಿ ಬರೆಸಿ ಸಹಿ ಪಡೆಯುವುದಕ್ಕೆ ಒಂದು ನಿಮಿಷವೂ ಬೇಡ.

ವಿಮೆಯ ದೂರುಗಳಿಗೆ ಗ್ರಾಹಕ ಆಯೋಗದ ಜೊತೆಗೆ 2017ರ ನಿಯಮಗಳಂತೆ ರಚಿತವಾದ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಏಕಮಾಲೀಕತ್ವದ ಸಂಸ್ಥೆಗಳೂ ಸೂಕ್ಷ್ಮ ಉದ್ದಿಮೆಗಳೂ ಅಲ್ಲಿಗೆ ಹೋಗಬಹುದೆಂಬುದು ಬಹಳ ಮಂದಿಗೆ ತಿಳಿಯದು. ಬೆಂಗಳೂರಿನಲ್ಲಿ ಅವರ ಕಚೇರಿಯಿದೆ. ವಿದ್ಯುತ್ ವಿಷಯದಲ್ಲಿ 2003ರ ವಿದ್ಯುಚ್ಛಕ್ತಿ ಕಾಯ್ದೆಯ 42ನೇ ಪ್ರಕರಣದಂತೆ ಪ್ರತಿ ವಿತರಣಾ ಕಂಪನಿಯೂ ಗ್ರಾಹಕರ ಕುಂದುಕೊರತೆ ವೇದಿಕೆಯನ್ನು ಹೊಂದಿರಬೇಕು, ಅದರ ಮೇಲೆ ವಿದ್ಯುತ್ ಓಂಬುಡ್ಸ್‌ಮನ್ ಇರುತ್ತಾರೆ. ಅಲ್ಲಿ ಕೈಗಾರಿಕಾ ಸಂಪರ್ಕದವರೂ ಗ್ರಾಹಕರೇ. ಸರ್ಕಾರಿ ಕಚೇರಿಗಳ ವಿಳಂಬಕ್ಕೆ ಕರ್ನಾಟಕದಲ್ಲಿ ‘ಸಕಾಲ’ ಇದೆ. 2011ರ ಕಾಯ್ದೆಯಂತೆ 2012ರ ಏಪ್ರಿಲ್‌ನಿಂದ ಜಾರಿಗೆ ಬಂದ ಈ ವ್ಯವಸ್ಥೆಯಲ್ಲಿ ನಿಗದಿತ ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿ ಮೀರದ ಪರಿಹಾರ ಗೊತ್ತುಮಾಡಲಾಗಿತ್ತು. ಮೊತ್ತ ನಗೆಪಾಟಲಿಗೆ ಈಡಾಗುವಂಥದ್ದೆಂದು ಕೆಲವರ ಅಭಿಪ್ರಾಯ. ಆದರೆ ಅದರ ಬಲವಿರುವುದು ಮೊತ್ತದಲ್ಲಲ್ಲ, ಅರ್ಜಿಗೆ ದೊರೆಯುವ ಸಕಾಲ ಸಂಖ್ಯೆಯಲ್ಲಿ. ಸಂಖ್ಯೆ ಬಿದ್ದ ಅರ್ಜಿಯನ್ನು ಮೇಜಿನ ಮೂಲೆಗೆ ತಳ್ಳುವುದು ಸುಲಭವಲ್ಲ. ಇನ್ನೊಂದು ಮಾತು: ಸಾರ್ವಜನಿಕ ಸಂಸ್ಥೆಯ ವಿಳಂಬಕ್ಕೆ ಪರಿಹಾರ ಕೊಟ್ಟ ಮೇಲೆ ಆ ಹಣವನ್ನು ಹೊಣೆಗಾರ ಅಧಿಕಾರಿಗಳಿಂದ ವಸೂಲು ಮಾಡಬೇಕೆಂದು 1993ರಲ್ಲಿಯೇ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತ್ತು.

ಕೊರಿಯರ್ ರಸೀದಿಯ ಹಿಂಬದಿಯ ಸಣ್ಣಕ್ಷರಗಳನ್ನು ಓದುವವರು ವಿರಳ. ಭಾರತಿ ನಿಟ್ಟಿಂಗ್ ಕಂಪನಿ ಎಂಬ ಉಡುಪು ತಯಾರಕ ಸಂಸ್ಥೆ 1990ರಲ್ಲಿ ಜರ್ಮನಿಯ ಖರೀದಿದಾರರಿಗೆ ಸರಕಿನ ದಾಖಲೆಗಳನ್ನು ಕೊರಿಯರ್ ಮೂಲಕ ಕಳುಹಿಸಿತು. ಲಕೋಟೆ ತಲುಪಲಿಲ್ಲ. ದಾಖಲೆಗಳ ಪ್ರತಿ ಮುಟ್ಟುವ ಹೊತ್ತಿಗೆ ಬೇಸಿಗೆಯ ವ್ಯಾಪಾರದ ಕಾಲ ಮುಗಿದಿತ್ತು. ಖರೀದಿದಾರರು ಬೆಲೆ ಇಳಿಸಿದರು. ಸಹಿ ಮಾಡಿದ ರವಾನೆ ಪತ್ರದಲ್ಲಿ ಹೊಣೆಗಾರಿಕೆ 100 ಡಾಲರಿಗೆ ಸೀಮಿತವೆಂದಿತ್ತು. 1996ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆ 100 ಡಾಲರನ್ನೇ ಕಾಯಂಗೊಳಿಸಿತು. ಬೆಲೆಬಾಳುವ ರವಾನೆಗೆ ಪ್ರತ್ಯೇಕ ವಿಮೆ ಮಾಡಿಸುವ ಖರ್ಚನ್ನು ಈ ಪ್ರಕರಣದ ಜೊತೆಗಿಟ್ಟು ತೂಗಿ ನೋಡಬಹುದು.

ಗಲ್ಲಾಪೆಟ್ಟಿಗೆಯ ಒಳಬದಿ

ಇನ್ನು ಮಿಕ್ಸರಿನ ವಿಚಾರ. ಇಲ್ಲಿ ವರ್ತಕರೇ ಎದುರುದಾರರು, ಮತ್ತು ಕಾನೂನು ಇಲ್ಲಿ ಯಾವ ರಿಯಾಯಿತಿಯನ್ನೂ ತೋರುವುದಿಲ್ಲ.

‘ಮಾರಿದ ಸರಕನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ’ ಎಂಬ ಸಾಲು ಎಷ್ಟೋ ಬಿಲ್ಲುಗಳಲ್ಲಿ, ಗೋಡೆಯ ಫಲಕಗಳಲ್ಲಿ ಇಂದಿಗೂ ಉಳಿದಿದೆ. 2019ರ ಕಾಯ್ದೆಯ 2(47)ನೇ ಪ್ರಕರಣದಂತೆ ದೋಷಯುಕ್ತ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆದು ಹಣ ಮರಳಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲು ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ಬಣ್ಣ ಹಿಡಿಸಲಿಲ್ಲ, ಮನಸ್ಸು ಬದಲಾಯಿತು ಎಂದು ಮರಳಿಸುವ ಸರಕಿಗೆ ಈ ನಿಯಮ ಅನ್ವಯಿಸದು. ದೋಷಯುಕ್ತ ಸರಕಿಗೆ ಮಾತ್ರ. ಹಾಗೆಂದು ಬಿಲ್ಲಿನಲ್ಲಿ ಸ್ಪಷ್ಟವಾಗಿ ಮುದ್ರಿಸುವುದು ಒಳಿತು. ಗ್ರಾಹಕರು ವಿಶ್ವಾಸದಿಂದ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಕಾನೂನಿನ ಆಧಾರವಿಲ್ಲದೆ ಇತರರಿಗೆ ಕೊಡುವುದೂ ಅನುಚಿತ ಪದ್ಧತಿಯೇ. ಮೊಬೈಲ್ ಸಂಖ್ಯೆಗಳ ಪಟ್ಟಿಯನ್ನು ಪಕ್ಕದ ಅಂಗಡಿಯವರಿಗೆ ‘ಸ್ನೇಹಕ್ಕೆ’ ಕೊಡುವವರು ಇದನ್ನು ಅರಿಯಬೇಕು.

‘ನಾವು ಮಾರುವವರು ಮಾತ್ರ, ಕಂಪನಿಯವರನ್ನು ಕೇಳಿ’ ಎಂಬ ಉತ್ತರಕ್ಕೂ ಮಿತಿಯಿದೆ. 86ನೇ ಪ್ರಕರಣದಂತೆ ತಯಾರಕನಲ್ಲದ ಮಾರಾಟಗಾರನೂ ಕೆಲವು ಸಂದರ್ಭಗಳಲ್ಲಿ ಉತ್ಪನ್ನದಿಂದಾದ ಹಾನಿಗೆ ಹೊಣೆಗಾರನಾಗುತ್ತಾನೆ. ತಯಾರಕರು ಕೊಟ್ಟ ವಾರಂಟಿಗಿಂತ ಭಿನ್ನವಾದ ಭರವಸೆಯನ್ನು ತಾನೇ ಕೊಟ್ಟಿದ್ದರೆ, ಸರಕನ್ನು ಮಾರ್ಪಡಿಸಿದ್ದರೆ, ಜೋಡಣೆ ಅಥವಾ ಪರಿಶೀಲನೆಯಲ್ಲಿ ತಕ್ಕ ಎಚ್ಚರ ವಹಿಸದಿದ್ದರೆ ಅವನಿಗೆ ಹೊಣೆ ತಪ್ಪದು. ಎಲ್ಲಕ್ಕಿಂತ ಮುಖ್ಯವಾದುದು, ತಯಾರಕರು ಯಾರೆಂದೇ ತಿಳಿಯದ ಸಂದರ್ಭ. ಅಗ್ಗವೆಂದು ಬಿಲ್ಲಿಲ್ಲದೆ ಕೊಂಡು ತಂದ, ವಿಳಾಸವಿಲ್ಲದ ಸರಕಿನಿಂದ ಗ್ರಾಹಕರ ಮನೆಯಲ್ಲಿ ಅನಾಹುತವಾದರೆ ಕೈ ತೋರಿಸಲು ಮಾರಾಟಗಾರನಿಗೆ ಯಾರೂ ಇರುವುದಿಲ್ಲ.

ಗ್ರಾಹಕರು ತಾವು ವಾಸಿಸುವ ಅಥವಾ ದುಡಿಯುವ ಊರಿನಲ್ಲಿಯೇ ದೂರು ಸಲ್ಲಿಸಬಹುದು. ಬೀದರಿನ ಗ್ರಾಹಕರಿಗೆ ಸರಕು ಕಳುಹಿಸಿದ ತುಮಕೂರಿನ ತಯಾರಕರು ಬೀದರಿನ ಆಯೋಗದ ಮುಂದೆ ಉತ್ತರಿಸಬೇಕಾದೀತು. ಉತ್ತರಕ್ಕೆ ಇರುವ ಅವಧಿ 30 ದಿನ. ಆಯೋಗ ಹೆಚ್ಚೆಂದರೆ ಇನ್ನೂ 15 ದಿನ ಕೊಡಬಹುದು. 46ನೆಯ ದಿನ ಎಂತಹ ಬಲವಾದ ಕಾರಣವಿದ್ದರೂ ಆಯೋಗಕ್ಕೆ ಅವಧಿ ವಿಸ್ತರಿಸುವ ಅಧಿಕಾರವಿಲ್ಲವೆಂದು 2020ರ ಮಾರ್ಚ್ 4ರಂದು ಹಿಲ್ಲಿ ಮಲ್ಟಿಪರ್ಪಸ್ ಕೋಲ್ಡ್ ಸ್ಟೋರೇಜ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠ ಸಾರಿದೆ. ಆ ತೀರ್ಪು ಹಳೆಯ ಕಾಯ್ದೆಯಡಿಯದಾದರೂ 30 ಮತ್ತು 15 ದಿನಗಳ ಅದೇ ನಿಯಮ ಹೊಸ ಕಾಯ್ದೆಯಲ್ಲಿಯೂ ಮುಂದುವರಿದಿದೆ. ಉತ್ತರ ಸಲ್ಲದಿದ್ದರೆ ಗ್ರಾಹಕರು ಹೇಳಿದ್ದರ ಆಧಾರದ ಮೇಲೆಯೇ ಏಕಪಕ್ಷೀಯ ಆದೇಶವಾಗುತ್ತದೆ. 3,000 ರೂಪಾಯಿಯ ಮಿಕ್ಸರಿಗೆ ಮಾನಸಿಕ ಯಾತನೆ, ವ್ಯಾಜ್ಯದ ವೆಚ್ಚ, ಬಡ್ಡಿ ಸೇರಿ ಆದೇಶದ ಮೊತ್ತ ಬೆಲೆಯ ಹಲವು ಪಟ್ಟು ಆಗುವುದು ಅಪರೂಪವಲ್ಲ.

ಮೇಲ್ಮನವಿಯ ದಾರಿಯೂ ಈಗ ಕಿರಿದಾಗಿದೆ. ಜಿಲ್ಲಾ ಆಯೋಗದ ಆದೇಶದ ವಿರುದ್ಧ ರಾಜ್ಯ ಆಯೋಗಕ್ಕೆ ಹೋಗಲು ಹಿಂದೆ ಆದೇಶದ ಅರ್ಧ ಮೊತ್ತ ಅಥವಾ 25,000 ರೂಪಾಯಿ, ಇವೆರಡರಲ್ಲಿ ಕಡಿಮೆಯಾದುದನ್ನು ಕಟ್ಟಿದರೆ ಸಾಕಿತ್ತು. ಈಗ ಆ ಮೇಲ್ಮಿತಿ ಇಲ್ಲ; 45 ದಿನಗಳೊಳಗೆ ಪೂರಾ ಅರ್ಧ ಮೊತ್ತವನ್ನು ಠೇವಣಿ ಇಟ್ಟೇ ಮೇಲ್ಮನವಿ ಸಲ್ಲಿಸಬೇಕು. ಆದೇಶವನ್ನು ಪಾಲಿಸದಿದ್ದರೆ 72ನೇ ಪ್ರಕರಣದಂತೆ ಒಂದು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷಗಳವರೆಗಿನ ಸೆರೆವಾಸ, ಅಥವಾ 25,000 ರೂಪಾಯಿಗೆ ಕಡಿಮೆಯಿಲ್ಲದ, ಒಂದು ಲಕ್ಷದವರೆಗಿನ ದಂಡ, ಅಥವಾ ಎರಡೂ.

ಲೆಕ್ಕಪುಸ್ತಕದಲ್ಲಿ

ಮರಳಿ ಬಂದ ಸರಕಿಗೆ ಹಣ ಕೊಟ್ಟು ಕಳುಹಿಸುವ ವರ್ತಕರಲ್ಲಿ ಹಲವರು ಅದಕ್ಕೆ ಕ್ರೆಡಿಟ್ ನೋಟ್ ಬರೆಯುವುದಿಲ್ಲ. ಪರಿಣಾಮವಾಗಿ ಆಗದ ಮಾರಾಟಕ್ಕೂ ಸರಕು ಮತ್ತು ಸೇವಾ ತೆರಿಗೆ ತೆರುತ್ತಾರೆ. ಜಿ.ಎಸ್.ಟಿ. ಕಾಯ್ದೆಯ 34ನೇ ಪ್ರಕರಣ ಮರಳಿದ ಸರಕಿಗೆ ಮಾತ್ರವಲ್ಲ, ನ್ಯೂನತೆಯಿಂದ ಕೂಡಿದ ಸರಕು ಅಥವಾ ಸೇವೆಗೂ ಕ್ರೆಡಿಟ್ ನೋಟ್ ಬರೆಯಲು ಅವಕಾಶ ಕೊಡುತ್ತದೆ. ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30 ಅಥವಾ ವಾರ್ಷಿಕ ವಿವರಪಟ್ಟಿ ಸಲ್ಲಿಸಿದ ದಿನ, ಇವುಗಳಲ್ಲಿ ಮೊದಲು ಬರುವ ದಿನದೊಳಗೆ ಅದನ್ನು ತೋರಿಸಬೇಕು. ವಾರಂಟಿ ಅವಧಿಯಲ್ಲಿ ಹಣ ಪಡೆಯದೆ ಬಿಡಿಭಾಗ ಬದಲಿಸಿ ಕೊಟ್ಟರೆ ಅದಕ್ಕೆ ತೆರಿಗೆಯಿಲ್ಲ, ತಯಾರಕರು ಹೂಡುವಳಿ ತೆರಿಗೆಯನ್ನು ಹಿಂದಿರುಗಿಸಬೇಕಾಗಿಯೂ ಇಲ್ಲ ಎಂದು 2023ರ ಜುಲೈ 17ರ ಸುತ್ತೋಲೆ ಸಂಖ್ಯೆ 195 ಸ್ಪಷ್ಟಪಡಿಸಿದೆ. ತೆರಿಗೆಯ ಭಯದಿಂದ ವಾರಂಟಿ ಬದಲಾವಣೆಯನ್ನು ಮುಂದೂಡುತ್ತಿದ್ದವರಿಗೆ ಆ ನೆಪ ಉಳಿದಿಲ್ಲ.

ತಯಾರಕರು ಗಮನಿಸಬೇಕಾದ ಇನ್ನೊಂದು ತೀರ್ಪು 2009ರ ರೋಟಾರ್ಕ್ ಕಂಟ್ರೋಲ್ಸ್ ಪ್ರಕರಣದ್ದು. ಹಿಂದಿನ ವರ್ಷಗಳ ಅನುಭವದ ಆಧಾರದ ಮೇಲೆ ವಾರಂಟಿ ವೆಚ್ಚವನ್ನು ವಿಶ್ವಾಸಾರ್ಹವಾಗಿ ಅಂದಾಜು ಮಾಡಿ ಇಟ್ಟ ಅವಕಾಶ ಮೊತ್ತವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಕಳೆಯಬಹುದೆಂದು ಸರ್ವೋಚ್ಚ ನ್ಯಾಯಾಲಯ ಒಪ್ಪಿತು. ಆದರೆ ‘ಹಿಂದಿನ ಅನುಭವ’ ತೋರಿಸಲು ದೂರು ಪುಸ್ತಕ ಬೇಕಲ್ಲವೇ? ಯಾವ ತಿಂಗಳು ಎಷ್ಟು ಮಾರಾಟವಾಯಿತು, ಎಷ್ಟು ಮರಳಿತು, ಯಾವ ದೋಷಕ್ಕೆ ಎಷ್ಟು ಖರ್ಚಾಯಿತು ಎಂಬ ನಾಲ್ಕು ಕಲಮುಗಳ ಪುಸ್ತಕವೊಂದಿದ್ದರೆ ಅದು ಆಯೋಗದ ಮುಂದೆಯೂ, ತೆರಿಗೆ ಅಧಿಕಾರಿಯ ಮುಂದೆಯೂ ಒಂದೇ ಸಮನೆ ಉಪಯೋಗಕ್ಕೆ ಬರುತ್ತದೆ. ವ್ಯವಹಾರದ ಸಂಬಂಧದಲ್ಲಿ ಗ್ರಾಹಕರಿಗೆ ಕೊಟ್ಟ ಪರಿಹಾರವನ್ನು ಸಾಮಾನ್ಯವಾಗಿ ವೆಚ್ಚವೆಂದು ತೋರಿಸಬಹುದು. ಅಪರಾಧಕ್ಕೆ ತೆತ್ತ ದಂಡವನ್ನು ತೋರಿಸುವಂತಿಲ್ಲ. ಆದೇಶದ ಪ್ರತಿಯನ್ನು ಲೆಕ್ಕಪರಿಶೋಧಕರಿಗೆ ಕೊಡದೆ ‘ಇತರೆ ಖರ್ಚು’ ಎಂದು ಬರೆದರೆ ಈ ವ್ಯತ್ಯಾಸ ಗುರುತಿಗೇ ಬರುವುದಿಲ್ಲ.

ಗಲ್ಲಾಪೆಟ್ಟಿಗೆಯ ಕೆಳಗಿನ ಖಾನೆಯಲ್ಲಿರುವ ಲಕೋಟೆಯ ವಿಷಯ ಉಳಿಯಿತು. ಹಿಲ್ಲಿ ಪ್ರಕರಣದ ತೀರ್ಪಿನಂತೆ 30 ದಿನಗಳ ಎಣಿಕೆ ಆರಂಭವಾಗುವುದು ನೋಟಿಸಿನ ಜೊತೆಗೆ ದೂರಿನ ಪ್ರತಿಯೂ ಕೈಸೇರಿದ ದಿನದಿಂದ. ಬರಿಯ ನೋಟಿಸ್ ಬಂದ ದಿನದಿಂದಲ್ಲ. ದೂರಿನ ಪ್ರತಿ ಒಳಗಿದೆಯೇ ಇಲ್ಲವೇ ಎಂಬುದನ್ನು ಲಕೋಟೆ ಒಡೆದು ನೋಡಿ, ಪಡೆದ ತಾರೀಖನ್ನು ಅದರ ಮೇಲೆಯೇ ಬರೆದು, ಅಂದೇ ವಕೀಲರಿಗೆ ತಲುಪಿಸಬೇಕು. ಲಕೋಟೆಯನ್ನು ಎಸೆಯಬಾರದು, ಅಂಚೆಯ ಮುದ್ರೆ ಇರುವುದು ಅದರ ಮೇಲೆ.